ಸೀಬೆ ಗಿಡಕ್ಕೆ ಕೇಳಿದ ಪ್ರಶ್ನೆ

ನನ್ನ ಭಾವನಿಗೆ ನಾನು ಕೇಳದ ಪ್ರಶ್ನೆಯೊಂದನ್ನು ಕೇಳಿದಂತೆ ಟಿವಿಯಲ್ಲಿ ತೋರಿಸಿದೆ. ಅವರು ಬೇರೆ ಮಾತಿಗೆ ಕೊಟ್ಟ ಉತ್ತರವನ್ನು ಅದರ ಮುಂದೆ ಅಂಟಿಸಿದೆ. ಆಮೇಲೆ ಅವರ ಎದುರಿನಲ್ಲೇ, ನನ್ನ ಅಕ್ಕನ ಎದುರಿನಲ್ಲೇ, ಕೇಳಿದ್ದು ಅದನ್ನೇ ಎಂದು ಸುಳ್ಳು ಹೇಳಿದೆ. ಇದಾಗಿ ಒಂಬತ್ತು ವರ್ಷ. ಭಾವ ತೀರಿಕೊಂಡು ಈಗ ನಲವತ್ತು ದಿನ. ಇಷ್ಟು ದಿನ ಏಕೆ ಬಾಯಿ ಬಿಡಲಿಲ್ಲ ಎಂದು ಯಾರಾದರೂ ಕೇಳಿದರೆ — ಹೇಳುವಂಥ ಕಾರಣ ಒಂದೂ ಇಲ್ಲ.

ಅದಕ್ಕೆ ಹಿಂದಿನ ದಿನ ಎಲ್ಲವೂ ಎಂದಿನಂತೆಯೇ ಇತ್ತು. ಅದನ್ನು ಮೊದಲು ಬರೆದುಬಿಡುತ್ತೇನೆ. ನಾನಾಗ ಅರಸೀಕೆರೆಯಲ್ಲಿ ಡಿಗ್ರಿ ಕೊನೆಯ ವರ್ಷ ಓದುತ್ತಿದ್ದೆ; ಪತ್ರಿಕೋದ್ಯಮ ಒಂದು ವಿಷಯವಾಗಿತ್ತು. ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು, ಹಳೇಬೀಡಿಗೆ ನಾಲ್ಕು ಮೈಲಿ ಈಚೆಗಿರುವ ಅಕ್ಕನ ಊರಿನಲ್ಲಿ ಸಂಜೆ ಇಳಿದೆ. ಜೊತೆಗೆ ನನ್ನ ಸಹಪಾಠಿ ರಮೇಶ, ಅವನ ಹೆಗಲಿಗೆ ಕಾಲೇಜಿನ ಕ್ಯಾಮೆರಾ. ಅರಸೀಕೆರೆಯ ಕೇಬಲ್ ಚಾನೆಲ್ಲಿಗೆ ಭಾವನ ಮೇಲೊಂದು ಸುದ್ದಿ ಮಾಡಲು ಬಂದಿದ್ದೆವು. ಭಾವ ಶಿವಣ್ಣ ಆ ಊರಿನ ನೀರುಗಂಟಿ. ಬೋರ್‌ವೆಲ್ಲಿನ ಮೋಟಾರು ಹಾಕಿ ಟ್ಯಾಂಕು ತುಂಬಿಸುವುದು, ಉದ್ದನೆಯ ಕಬ್ಬಿಣದ ಕೀಲಿಯಿಂದ ವಾಲ್ವು ತಿರುಗಿಸಿ ಬೀದಿ ಬೀದಿಗೆ ಸರದಿಯಂತೆ ನೀರು ಬಿಡುವುದು ಅವರ ಕೆಲಸ. ಊಟಕ್ಕೆ ಕೂತಾಗ ಕೇಳಿದರು:

"ಏನೋ ಪರಮೇಶಿ, ನಾನೂ ಟಿವೀಲಿ ಬತ್ತೀನಾ? ಹಂಗಾದ್ರೆ ಬೆಳಗ್ಗೆ ಮೀಸೆ ತಿದ್ಕೋಬೇಕು ಕಣೋ."

"ತಿದ್ಕಂಡ್ರೂ ಅದೇ ಮುಖ ತಾನೆ," ಅಂದಳು ಅಕ್ಕ, ಮುದ್ದೆ ಬಡಿಸುತ್ತ.

"ನೋಡ್ದೇನಪ್ಪ ರಮೇಶ, ನಿನ್ನ ಕ್ಯಾಮೆರಾಗಿಂತ ಚೆನ್ನಾಗಿ ಹಿಡೀತಾಳೆ ಇವ್ಳು," ಎಂದು ಭಾವ ನಕ್ಕರು.

ಎಂಟು ವರ್ಷದ ಸವಿತಾ ಅಪ್ಪನ ತೊಡೆಗೆ ಒರಗಿ ನಿದ್ದೆಗೆ ಜಾರಿದ್ದಳು. ಆ ಮನೆಯಲ್ಲಿ ನಾನು ಕಂಡ ಕೊನೆಯ ನಗು ಅದು. ಆಮೇಲೆಯೂ ಅವರು ನಕ್ಕಿರಬಹುದು. ನಾನಿದ್ದಾಗ ನಗಲಿಲ್ಲ.

ನಾವು ಕಲಿಯುತ್ತಿದ್ದ ಕೆಲಸದ ಒಂದು ರೀತಿಯನ್ನು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದೇನೆಂದು ತಿಳಿಯುವುದಿಲ್ಲ. ದೊಡ್ಡ ಚಾನೆಲ್ಲಿನವರಿಗೆ ಎರಡು ಮೂರು ಕ್ಯಾಮೆರಾ ಇರಬಹುದು, ನಮಗಿದ್ದುದು ಒಂದು. ಹಾಗಾಗಿ ಮೇಷ್ಟ್ರು ಹೀಗೆ ಕಲಿಸಿದ್ದರು: ಮೊದಲು ಕ್ಯಾಮೆರಾವನ್ನು ಉತ್ತರ ಹೇಳುವವರ ಮುಖಕ್ಕೆ ಹಿಡಿದು ಎಲ್ಲವನ್ನೂ ತೆಗೆದುಕೊಳ್ಳಿ. ಅವರು ಹೊರಟ ಮೇಲೆ ಅದೇ ಜಾಗದಲ್ಲಿ ನಿಂತು, ಕ್ಯಾಮೆರಾ ನಿಮ್ಮ ಕಡೆ ತಿರುಗಿಸಿ, ಅದೇ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿ. ಎದುರಿಗೆ ಯಾರೂ ಇರುವುದಿಲ್ಲ. ಇದ್ದಂತೆ ನೋಡಬೇಕು, ತಲೆಯಾಡಿಸಬೇಕು. ಆಮೇಲೆ ಎರಡು ವಿಸಿಆರ್ ಜೋಡಿಸಿ ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ ಎಂದು ಒಂದರ ಹಿಂದೆ ಒಂದು ಪೋಣಿಸಿದರೆ, ನೋಡುವವರಿಗೆ ಇಬ್ಬರೂ ಎದುರು ಬದುರು ಕೂತು ಮಾತಾಡಿದಂತೆಯೇ ಕಾಣುತ್ತದೆ. "ಅದೇ ಪ್ರಶ್ನೆ" ಎಂಬ ಮಾತನ್ನು ಮೇಷ್ಟ್ರು ಒತ್ತಿ ಹೇಳಿದ್ದರೋ ಇಲ್ಲವೋ, ಈಗ ನೆನಪಿಲ್ಲ. ಒತ್ತಿ ಹೇಳಬೇಕಾದ ಮಾತೇ ಅದು? ಎಂಥ ದಡ್ಡನಿಗೂ ಗೊತ್ತಿರುವಂಥದ್ದು. ನನಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಪಂಪ್‌ಹೌಸಿನ ಪಕ್ಕ, ಒಂದು ಸೀಬೆ ಗಿಡದ ಕೆಳಗೆ ಭಾವನನ್ನು ಕೂರಿಸಿದೆವು. ಮೀಸೆ ನಿಜವಾಗಿಯೂ ತಿದ್ದಿಕೊಂಡಿದ್ದರು. ನಾನು ಕೇಳಿದ ಪ್ರಶ್ನೆ ಇದು: "ಹೋದ ಮಳೆಗಾಲದಲ್ಲಿ ಪೈಪು ಒಡೆದು ಚರಂಡಿ ನೀರು ಸೇರಿತ್ತಲ್ಲ, ಆಗ ಜನ ಎಷ್ಟು ಒತ್ತಾಯ ಮಾಡಿದರೂ ನೀವು ನೀರು ಬಿಡಲಿಲ್ಲವಂತೆ?"

ಭಾವ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದರು: "ಇಲ್ಲ. ನಾನು ಬಿಡ್ಲಿಲ್ಲ. ಹೆಂಗಸ್ರೆಲ್ಲ ಬಂದು ಬೈದ್ರು, ಆದ್ರೂ ಬಿಡ್ಲಿಲ್ಲ. ಕೀಲಿ ನನ್ ಕೈಲೈತೆ. ನಾನು ಬಿಟ್ರೆ ತಾನೆ! ಆ ನೀರು ಕುಡ್ದು ಮಕ್ಕಳಿಗೆ ಏನಾರ ಆಗಿದ್ರೆ ಯಾರು ಹೊಣೆ?"

ಅಷ್ಟು ಹೇಳಿ ರಮೇಶನ ಕಡೆ ನೋಡಿ, "ಸರಿಯಾಗಿ ಬಂತೇನಪ್ಪ?" ಅಂದರು. ಕೆಲಸವಿತ್ತು, ಎದ್ದು ಹೋದರು.

ಈಗ — ನಾನು ಆಗ ಏನು ಯೋಚಿಸಿದೆ ಎಂದು ಬರೆಯಬೇಕು. ಹಿಂದಿನ ವಾರ ನಾನು ಮಾಡಿಕೊಂಡು ಹೋಗಿದ್ದ ಒಂದು ಸುದ್ದಿಯನ್ನು ಅರಸೀಕೆರೆಯ ಕೇಬಲ್ಲಿನವರು ಹಾಕಿರಲಿಲ್ಲ. ಮಾಲೇಕಲ್ಲು ಬೆಟ್ಟದ ದೇವಸ್ಥಾನದ ಮೆಟ್ಟಿಲು ಗುಡಿಸುವ ಮುದುಕಿಯೊಬ್ಬಳ ಬಗ್ಗೆ ಮಾಡಿದ್ದೆ. "ಒಳ್ಳೇದು ಮಾಡ್ದೋರ್ನ ತೋರ್ಸಿದ್ರೆ ಯಾರ್ ನೋಡ್ತಾರ್ರೀ? ಜಗಳ ತನ್ರೀ ಜಗಳ," ಅಂದಿದ್ದ ಚಾನೆಲ್ ನಡೆಸುವವನು, ಕ್ಯಾಸೆಟ್ಟನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿ. ನಾಲ್ಕು ಜನ ಸಹಪಾಠಿಗಳು ಅಲ್ಲಿದ್ದರು. ನಕ್ಕರು. ಆ ನಗು ನನ್ನ ಕಿವಿಯಲ್ಲಿತ್ತು. ಇದನ್ನು ಕಾರಣವೆಂದು ಹೇಳುತ್ತಿಲ್ಲ. ನಾಲ್ಕು ಜನರ ನಗುವಿಗೆ ನಾನು ಭಾವನನ್ನು ಮಾರಿದೆ ಎನ್ನುವುದು ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ಆ ಬೇಸಿಗೆಯಲ್ಲಿ ಕೆಳಗಿನ ಬೀದಿಗೆ ಎರಡು ಸರದಿ ನೀರು ತಪ್ಪಿತ್ತು. ಕರೆಂಟು ಇರಲಿಲ್ಲ, ಮೋಟಾರು ಓಡಿರಲಿಲ್ಲ. ಭಾವ ಹಾಗೆಂದೇ ಹೇಳಿದ್ದರು, ಅರೆಮನಸ್ಸಿನಿಂದಾದರೂ ಜನ ನಂಬಿದ್ದರು. ಇದೆಲ್ಲ ಹಿಂದಿನ ಸಂಜೆಯೇ ಅಕ್ಕ ನನಗೆ ಹೇಳಿದ್ದಳು. ಕ್ಯಾಮೆರಾ ನನ್ನ ಕಡೆ ತಿರುಗಿತು. ಭಾವ ಕೂತಿದ್ದ ಜಾಗ ಖಾಲಿಯಿತ್ತು. ಆ ಗಿಡದ ಕಾಂಡವನ್ನು ನೋಡುತ್ತ, ಹುಬ್ಬು ಗಂಟಿಕ್ಕಿ, ನಾನು ಕೇಳಿದೆ: "ಈ ಬೇಸಿಗೆಯಲ್ಲಿ ಕೆಳಗಿನ ಬೀದಿಯ ಜನಕ್ಕೆ ಎರಡು ಸರದಿ ನೀರು ಸಿಗಲಿಲ್ಲ. ಅವರು ಬೇಡಿಕೊಂಡರೂ ನೀವು ಬೇಕೆಂದೇ ಬಿಡಲಿಲ್ಲವೇ?"

ರಮೇಶ ಕ್ಯಾಮೆರಾದಿಂದ ಕಣ್ಣು ತೆಗೆದ. "ನೀನು ಹಂಗೆ ಕೇಳ್ಲಿಲ್ವಲ್ಲೋ."

"ನೀನ್ ತೆಗೀಲಾ," ಅಂದೆ.

ಅವನು ತೆಗೆದ. ಪೋಣಿಸುವಾಗ "ಮಕ್ಕಳಿಗೆ ಏನಾರ ಆಗಿದ್ರೆ" ಎನ್ನುವ ಮಾತನ್ನು ನಾನೇ ಕತ್ತರಿಸಿದೆ. "ನಾನು ಬಿಟ್ರೆ ತಾನೆ!" ಎಂಬಲ್ಲಿಗೆ ನಿಲ್ಲಿಸಿದೆ. ಭಾವನ ನೆಟ್ಟಗಿನ ಬೆನ್ನು, ತಿದ್ದಿದ ಮೀಸೆ, ಆ ಮಾತು — ನೋಡಿದರೆ ಮೈ ಉರಿಯುವಂತಿತ್ತು. ಅಷ್ಟು ಚೆನ್ನಾಗಿ ಬಂದಿತ್ತು.

ಅರಸೀಕೆರೆಯಲ್ಲಿ ಹಾಕಿದ ಕ್ಯಾಸೆಟ್ಟು ಎರಡು ದಿನಕ್ಕೆ ಹಳೇಬೀಡಿನ ಕೇಬಲ್ಲಿನವರಿಗೂ ಹೋಗುತ್ತಿತ್ತು. ಅವರ ತಂತಿ ಭಾವನ ಊರಿನವರೆಗೂ ಬಂದಿತ್ತು. ಸುದ್ದಿ ಬಂದ ಮರುದಿನ ಬೆಳಿಗ್ಗೆ ಕೆಳಗಿನ ಬೀದಿಯ ಹೆಂಗಸರು ಖಾಲಿ ಕೊಡ ತಂದು ಅಕ್ಕನ ಮನೆ ಬಾಗಿಲಲ್ಲಿ ಸಾಲಾಗಿ ಇಟ್ಟರು. ಮುಂದೆ ನಿಂತವಳು ಸಾಕಮ್ಮ. ಇದು ನಾನು ಕಣ್ಣಾರೆ ಕಂಡದ್ದಲ್ಲ, ಅಕ್ಕ ಹೇಳಿದ್ದು.

"ಕರೆಂಟಿಲ್ಲ ಅಂತ ಬೊಗಳ್ದಲ್ಲಪ್ಪ ಶಿವಣ್ಣ! ಕೈಯಾಗೆ ಕೀಲಿ ಐತೆ ಅಂತ ಟಿವೀಲಿ ಮೀಸೆ ತಿರುವ್ತೀಯಾ? ನಿನ್ನ ಕೈ ಸೇದ್ಹೋಗ! ತುಂಬ್ಸು ಈಗ ಈ ಕೊಡಾನ. ನಿನ್ನ ಹೆಂಡ್ರು ಹೊತ್ಕಂಡು ಬರ್ಲಿ ನಮ್ಮನೇಗೆ."

ಭಾವ "ನನ್ನ ಕೇಳಿದ್ದೇ ಬೇರೆ ಕಣಮ್ಮ" ಎಂದರಂತೆ. ಎಲ್ಲರೂ ನಕ್ಕರಂತೆ. ನೋಡಿದವರಿಗೆ ಇನ್ನೇನು ಹೇಳುವುದು? ಕೇಳಿದ್ದನ್ನು ಅಲ್ಲಗಳೆಯಬಹುದು, ಕಣ್ಣಲ್ಲಿ ಕಂಡದ್ದನ್ನು ಹೇಗೆ? ನಾನು ಕೇಳುವುದು, ಅವರು ಹೇಳುವುದು, ಎಲ್ಲ ಕಂಡಿತ್ತು. ವಾರದೊಳಗೆ ಪಂಚಾಯಿತಿಯವರು ಸಭೆ ಸೇರಿ ಕೀಲಿ ವಾಪಸ್ಸು ತೆಗೆದುಕೊಂಡರು. ಹದಿಮೂರು ವರ್ಷ ಮಾಡಿದ ಕೆಲಸ. ದಾರಿಯಲ್ಲಿ ಹೋಗುವಾಗ ಹುಡುಗರು "ನಾನು ಬಿಟ್ರೆ ತಾನೆ!" ಎಂದು ಹಿಂದಿನಿಂದ ಕೂಗುತ್ತಿದ್ದರು. ಶಾಲೆಯಲ್ಲಿ ಸವಿತಾಳ ನೀರಿನ ಬಾಟಲಿಯನ್ನು ಚರಂಡಿಗೆ ಎಸೆದರು.

ನನ್ನನ್ನು ಕರೆಸಿದರು. ನಾನು ಹೋದೆ. ಹೋಗುವ ಹೊತ್ತಿಗೆ ನನ್ನ ಹೆಸರು ಅರಸೀಕೆರೆಯಲ್ಲಿ ನಾಲ್ಕು ಜನಕ್ಕೆ ಗೊತ್ತಾಗಿತ್ತು. ಚಾನೆಲ್ಲಿನವನು ಪ್ರತಿ ವಾರ ಒಂದು ಸುದ್ದಿ ಮಾಡಿಕೊಡು ಎಂದಿದ್ದ. ಭಾವ ಹೊಸ್ತಿಲ ಮೇಲೆ ಕೂತಿದ್ದರು. ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು, ಅತ್ತು ಕಣ್ಣು ಊದಿಕೊಂಡಿದ್ದವು.

"ಪರಮೇಶಿ, ಆ ಗಿಡದ ಕೆಳಗೆ ನೀನು ನನ್ನ ಏನು ಕೇಳ್ದೆ ಅಂತ ನಿಮ್ಮಕ್ಕಂಗೆ ಹೇಳಪ್ಪ," ಅಂದರು ಭಾವ. ಗದರಿಸಲಿಲ್ಲ. ಆ "ಅಪ್ಪ" ಎಂಬ ಮಾತು — ಗದರಿಸಿದ್ದರೆ ಒಳ್ಳೆಯದಿತ್ತು.

ನಾನು ಹೇಳಿದೆ: "ಟಿವಿಯಲ್ಲಿ ಬಂತಲ್ಲ ಭಾವ, ಅದನ್ನೇ ಕೇಳಿದ್ದು. ಪಕ್ಕದಲ್ಲೇ ಮೋಟಾರು ಓಡ್ತಾ ಇತ್ತು, ನಿಮಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ."

ಮೋಟಾರು ಓಡುತ್ತಿರಲಿಲ್ಲ. ಓಡುತ್ತಿದ್ದರೆ ರೆಕಾರ್ಡು ಮಾಡಲು ಆಗುವುದೇ ಇಲ್ಲ. ಅದು ಭಾವನಿಗೂ ಗೊತ್ತು. ಆದರೆ ನಾನು ಅಷ್ಟು ಸಲೀಸಾಗಿ ಹೇಳಿದೆನಲ್ಲ, ಅಕ್ಕ ಭಾವನ ಕಡೆ ತಿರುಗಿದಳು. "ನನ್ ತಮ್ಮ ಯಾಕ್ರೀ ಸುಳ್ಳು ಹೇಳ್ತಾನೆ? ನಿಮ್ ಬಾಯಿಂದ್ಲೇ ಬಂದಿದ್ದನ್ನ ನಾನೇ ನೋಡಿದ್ನಲ್ಲ." ಭಾವ ಎದ್ದು ಒಳಗೆ ಹೋಗಿ, ಅಲ್ಲಿಂದಲೇ ಹೇಳಿದರು: "ಊಟ ಹಾಕಿ ಕಳ್ಸು. ನನ್ ಮುಂದೆ ಕೂರಿಸ್ಬೇಡ."

ಆಮೇಲಿನ ವರ್ಷಗಳಲ್ಲಿ ಅವರು ಬಾಣಾವರದ ಒಂದು ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುವ ಕೆಲಸ ಮಾಡಿದರು. ನಮ್ಮ ಮನೆ ಇರುವುದೂ ಅದೇ ಊರಿನಲ್ಲಿ. ಒಮ್ಮೆಯೂ ಒಳಗೆ ಬರಲಿಲ್ಲ. ನಾನು ಎದುರಿಗೆ ಸಿಕ್ಕರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದರು. ಅದನ್ನಾದರೂ ತಾಳಿಕೊಂಡೆ. ತಾಳಲಾರದ್ದು ಇನ್ನೊಂದು. ಅಂಗಡಿಯವನು "ಎಷ್ಟು ಬೇಕು?" ಎಂದರೂ, ಬಸ್ಸಿನವನು "ಎಲ್ಲಿಗೆ?" ಎಂದರೂ ಅವರು ಒಂದೇ ಸಲಕ್ಕೆ ಉತ್ತರ ಹೇಳುತ್ತಿರಲಿಲ್ಲ. "ಏನ್ ಕೇಳಿದ್ರಿ? ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದರು. ಕಿವಿ ಚೆನ್ನಾಗಿಯೇ ಇತ್ತು. ಜನ ಕಿವುಡ ಎಂದು ಹೆಸರಿಟ್ಟರು.

ಹಾಸನದ ಆಸ್ಪತ್ರೆಯಲ್ಲಿ ಅವರು ಮಲಗಿದ್ದಾಗ ಅಕ್ಕನಿಗೆ ಆಸರೆಗೆಂದು ಎರಡು ದಿನ ಇದ್ದೆ. ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಹೋಗಿದ್ದಳು. ನಾವಿಬ್ಬರೇ. ಹೇಳಬೇಕೆಂದು ನಾಲಿಗೆಯ ತುದಿಗೆ ತಂದುಕೊಂಡೆ, ಆದರೆ ಬಾಯಿಂದ ಬಂದದ್ದು, "ನೀರು ಬೇಕಾ ಭಾವ?" ಎಂಬುದು. ಅವರು ಕಷ್ಟಪಟ್ಟು ನನ್ನ ಕಡೆ ತಿರುಗಿದರು. "ಏನ್ ಕೇಳ್ದೆ? ಇನ್ನೊಂದ್ಸಲ ಹೇಳು."

ಹೇಳಿದೆ. ಬೇಡ ಎಂದು ಗೋಡೆಯ ಕಡೆ ಮುಖ ಮಾಡಿದರು. ಅಕ್ಕ ಬರುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಆ ಅರ್ಧ ಗಂಟೆ ನಾನು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದೆ.

ಅವರನ್ನು ಮಣ್ಣು ಮಾಡಿ, ಹನ್ನೊಂದನೆಯ ದಿನದ ಕಾರ್ಯವೂ ಮುಗಿದ ಮೇಲೆ ಸವಿತಾ ನನ್ನ ಹತ್ತಿರ ಬಂದಳು. ಈಗ ಪಿಯುಸಿ ಓದುತ್ತಿದ್ದಾಳೆ. "ಮಾವ, ಅಪ್ಪನ ದನಿ ಎಲ್ಲೂ ಇಲ್ಲ. ಆ ಕ್ಯಾಸೆಟ್ ನಿಮ್ ಹತ್ರ ಐತಂತಲ್ಲ. ಅದ್ರಲ್ಲಾದ್ರೂ ಕೇಳ್ತೀನಿ, ಕೊಡಿ." ಅವಳಪ್ಪನ ಮಾನ ಕಳೆದ ಆ ಇಪ್ಪತ್ತು ಸೆಕೆಂಡನ್ನು ಅವಳು ಬೇಡಿ ಪಡೆಯುವಂತಾಯಿತು. ಆಗ ನನಗೆ ತಡೆಯಲಾಗಲಿಲ್ಲ. ಅವಳಿಗೂ ಅಕ್ಕನಿಗೂ ಇಷ್ಟನ್ನೂ ಹೇಳಿದೆ, ಮೋಟಾರಿನ ಸುಳ್ಳನ್ನೂ ಸೇರಿಸಿ.

ಅಕ್ಕ ತನ್ನ ಅಂಗೈಯನ್ನೇ ನೋಡಿಕೊಂಡು ಹೇಳಿದಳು:

"ಒಂಬತ್ತು ವರ್ಷ ಅವರ್ನ ಸುಳ್ಳ ಅಂದೆ ಕಣೋ. ಜಗಳ ಆದಾಗೆಲ್ಲ ಅಂದೆ. ಮುದ್ದೆ ಇಕ್ಕೋವಾಗ್ಲೂ ಅಂದೆ. ನೀನು ಈಗ ಬಂದು ಹೇಳ್ತೀಯಾ? ಈಗ ನಾನು ಯಾರ ಕಾಲು ಹಿಡೀಲಿ? ಎದ್ದೋಗು. ನಿನ್ನ ಅಕ್ಕ ಸತ್ತಳು ಅಂದ್ಕೊ."

ಎದ್ದು ಬಂದೆ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಸಮಾಧಾನವಾದ ಮೇಲೆ ಕರೆಯುತ್ತಾಳೆ ಎಂದು ನಮ್ಮವ್ವ ಹೇಳುತ್ತಾಳೆ. ಕರೆಯಬೇಕಾಗಿಲ್ಲ.

ಹೋದ ಸೋಮವಾರ ಕೆಳಗಿನ ಬೀದಿಗೆ ಹೋಗಿ, ಸಾಕಮ್ಮನ ಜಗಲಿಯ ಮುಂದೆ ನಿಂತು, ನಾಲ್ಕು ಮನೆಯವರಿಗೆ ಕೇಳುವಂತೆ ಇದನ್ನೇ ಹೇಳಿದೆ. ಯಾರೋ ಕ್ಯಾಕರಿಸಿ ಉಗುಳಿದರು. ಸಾಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಆಯಪ್ಪನ ಮುಖಕ್ಕೇ ಶಾಪ ಹಾಕ್ದೆನಲ್ಲೋ ಪಾಪಿ, ನಿನ್ ಮಾತು ಕಟ್ಕಂಡು," ಅಂದಳು. ಪಂಚಾಯಿತಿಗೆ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಕಾರ್ಯದರ್ಶಿ ಹೊಸಬ, ಓದಿ, ಇದನ್ನು ಯಾವ ಫೈಲಿಗೆ ಹಾಕುವುದೆಂದು ನನ್ನನ್ನೇ ಕೇಳಿದ. ಈಗ ಇಲ್ಲಿ ಬರೆಯುತ್ತಿದ್ದೇನೆ, ಓದಿದವರೆಲ್ಲರಿಗೂ ತಿಳಿಯಲಿ ಎಂದು.

ಅಕ್ಕನಿಗೆ ಹೇಳಿದೆ. ಸವಿತಾಳಿಗೆ ಹೇಳಿದೆ. ಬೀದಿಗೆ ಹೇಳಿದೆ. ಭಾವನಿಗೆ ಹೇಳಲಿಲ್ಲ.