ಗೋಡೆಯ ಮೇಲೆ ಉಳಿದ ಬೆನ್ನು

"ಆಯಿ, ಇಲ್ಲಿ ನೋಡ್ರಿ. ನೀವು ಎದ್ದು ಬಂದ್ರೂ ನಿಮ್ಮ ಬೆನ್ನು ಅಲ್ಲೇ ಕುಂತೈತಿ."

ಡ್ರೋನ್ ಹಾರಿಸುವವನು ನಗುತ್ತ ತನ್ನ ಪರದೆ ತೋರಿಸಿದ. ನಾವು ಒಣದ್ರಾಕ್ಷಿ ಆರಿಸುವ ಕೋಲ್ಡ್ ಸ್ಟೋರೇಜಿನಲ್ಲಿ ತಂಪು ಎಲ್ಲಿ ಸೋರುತ್ತದೆಂದು ನೋಡಲು ಬಂದಿದ್ದ. ಬಿಸಿ, ತಂಪುಗಳನ್ನು ಬಣ್ಣದಲ್ಲಿ ತೋರಿಸುವ ಕ್ಯಾಮೆರಾ ಅದು. ಕಟ್ಟಡದ ಹಿಂಬದಿಯ ಹೊರಗೋಡೆ ನೀಲಿಯಾಗಿ ಕಂಡಿತು, ತಂಪು ಸೋರುವುದು ಅಲ್ಲೇ. ಊಟದ ಹೊತ್ತಿಗೆ ನಾನು ಒರಗಿದ್ದ ಜಾಗದಲ್ಲಿ ಮಾತ್ರ ನನ್ನ ಮೈಬಿಸಿಯ ಹಳದಿ ಗುರುತು.

ಅದರ ಪಕ್ಕ ಬರೀ ನೀಲಿ. ಅಲ್ಲಿ ಹಸೀನಾ ಕೂರುತ್ತಿದ್ದಳು. ನಮ್ಮೂರು ಮುಚ್ಚಂಡಿಯಿಂದ ಒಂದೇ ಬಸ್ಸಿಗೆ ಕೆಲಸಕ್ಕೆ ಬಂದು, ಮಧ್ಯಾಹ್ನ ಆ ತಂಪು ಗೋಡೆಗೆ ಒರಗಿ ಇಬ್ಬರೂ ರೊಟ್ಟಿ ತಿನ್ನುತ್ತಿದ್ದೆವು. ನನ್ನ ಶೇಂಗಾ ಚಟ್ನಿಯನ್ನು ದಿನಾ ಬೈಯುತ್ತಲೇ ಖಾಲಿ ಮಾಡುತ್ತಿದ್ದಳು. ಭಾಳ ಬಾಯಿಬಡಕಿ. ಹೋದ ಬೇಸಿಗೆಯಲ್ಲಿ ತೀರಿಕೊಂಡಳು.

"ಬಾಜೂಕ ಒಬ್ಬಾಕಿ ವರ್ಷಾನುಗಟ್ಟಲೆ ಕುಂತಾಳಪಾ. ಆಕೀದು ಏನೂ ಉಳಿದಿಲ್ಲೇನ?" ಎಂದು ಕೇಳಿದೆ.

ಅವನ ನಗು ನಿಂತಿತು. "ಎದ್ದು ಹ್ವಾದ ಮ್ಯಾಲ ಸ್ವಲ್ಪ ಹೊತ್ತಷ್ಟೇ ಇರತೈತ್ರಿ, ಆಯಿ," ಎಂದ. ನಾವು ನೋಡುತ್ತಿದ್ದಂತೆಯೇ ನನ್ನ ಗುರುತೂ ಮಾಸಿ ನೀಲಿಯಾಯಿತು.

ಗೋಡೆ ಈಗ ದುರಸ್ತಿಯಾಗಿದೆ, ತಂಪು ಸೋರುವುದಿಲ್ಲ, ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ. ಉಳಿದ ಹೆಂಗಸರು ಊಟಕ್ಕೆ ಬೇವಿನ ನೆರಳಿಗೆ ಹೋಗುತ್ತಾರೆ, ನನ್ನನ್ನೂ ಕರೆಯುತ್ತಾರೆ. ನಾನು ಹೋಗಿಲ್ಲ. ಹಸೀನಾ ಇದ್ದಿದ್ದರೆ, "ಕಾದ ಗೋಡಿಗೆ ಬೆನ್ನು ಹಚ್ಚಿ ಕುಂತೀದಿ, ತಲಿಗಿಲಿ ಕೆಟ್ಟೈತೇನ ಮುದಕಿ?" ಅನ್ನುತ್ತಿದ್ದಳು. ಆ ಬೈಗುಳಕ್ಕಾಗಿಯೇ ಕೂತಿರುತ್ತೇನೆ.