ಸೇಂದಿ ಕುಡಿದರೂ ಕೇಸೇ?

ಗೆಳೆಯರೇ, ಈಚಲು ಮರದ ಸೇಂದಿಯನ್ನು ಕುಡಿತ ಅನ್ನಬೇಕೋ ಬೇಡವೋ? ಇಂದು ತೆಲಂಗಾಣದ ಗದ್ವಾಲ ಕೋರ್ಟಿನಿಂದ ಬಂದಾಗಿನಿಂದ ತಲೆಯಲ್ಲಿ ಇದೇ ಪ್ರಶ್ನೆ.

ನಾನು ವಕೀಲರ ಗುಮಾಸ್ತ. ನಮ್ಮ ಕಕ್ಷಿದಾರ ಧರೂರು ಕಡೆಯವನು, ಬಸಣ್ಣ ಅಂತಿಟ್ಟುಕೊಳ್ಳಿ. ಕುಡಿದು ಬೈಕ್ ಓಡಿಸಿ ಮೂರನೇ ಸಲ ಸಿಕ್ಕಿಬಿದ್ದಿದ್ದಾನೆ. ಈ ಸಲ ಜೈಲಾಗುವ ಭಯ. ತಪ್ಪೊಪ್ಪಿಕೊಂಡು, ಹೆಂಡತಿಯಿಂದ ಎರಡು ಮಾತು ಹೇಳಿಸಿ ಶಿಕ್ಷೆ ಇಳಿಸಿಕೊಳ್ಳುವುದು ವಕೀಲರ ಉಪಾಯ.

ಕುಡಿಯುವುದು ಬಿಟ್ಟಿದ್ದಾನೆಯೇ ಎಂದು ಜಡ್ಜ್ ತೆಲುಗಿನಲ್ಲಿ ಕೇಳಿದರು.

ಹೆಂಡತಿ ಗಟ್ಟಿಯಾಗಿ ಕನ್ನಡದಲ್ಲೇ ಹೇಳಿದಳು: "ಪೂರಾ ಬಿಟ್ಟಾರ್ರೀ ಸಾಹೇಬ್ರ. ಎರಡನೇ ಕೇಸಾದಾಗಿಂದ ಬರೇ ಸೇಂದಿ!"

ಅದನ್ನು ತೆಲುಗಿಗೆ ತಿರುಗಿಸಲು ವಕೀಲರಿಗೆ ಬಾಯಿ ಬರಲಿಲ್ಲ. ಅಗತ್ಯವೂ ಇರಲಿಲ್ಲ, ಜಡ್ಜ್ ನಗು ತಡೆಯಲು ಕನ್ನಡಕ ಒರೆಸುತ್ತಿದ್ದರು. ಹಿಂದೆ ಕುಳಿತ ಮುದುಕರು ಮಾತ್ರ, ಸರಿಯಾಗೇ ಹೇಳಿದಳು ಎಂಬಂತೆ ತಲೆಯಾಡಿಸಿದರು. ಕೇಸು ಮುಂದಿನ ತಾರೀಖಿಗೆ ಹೋಯಿತು.

ಹೊರಗೆ ಬಂದು ವಕೀಲರು ಸಿಡುಕಿದರು: "ಏನವ್ವಾ, ಊದೋ ಮಿಷನ್ನಿಗೆ ಸೇಂದಿ, ಬ್ರಾಂದಿ ಎಲ್ಲಾ ಒಂದಾ!"

"ಮಿಷನ್ನಿಗೆ ತಿಳೀದಿದ್ರ ನಾವೇನ್ ಮಾಡಬೇಕ್ರಿ?"

ನನಗೆ ಕುತೂಹಲ ತಡೆಯಲಿಲ್ಲ. "ಅಕ್ಕಾ, ಈಗ ಬೈಕ್ ಯಾರು ಹೊಡೀತಾರ?"

ಅವಳು ಹೆಲ್ಮೆಟ್ ಹಾಕಿಕೊಳ್ಳುತ್ತಾ ಹೇಳಿದಳು: "ನಾನಾ ಹೊಡೀತೀನ್ರಿ. ಸೇಂದಿ ಅಂಗಡಿಗೂ ನಾನಾ ಕರ್ಕೊಂಡು ಹೋಗ್ತೀನಿ. ಅವರು ಅಲ್ಲೇ ಕುಡೀತಾರ. ನನ್ ಪಾಲಿಂದು ಮನೀಗೆ ಒಯ್ದು ಕುಡೀತೀನಿ."

ಬಸಣ್ಣ ಹಿಂದಿನ ಸೀಟಿನಲ್ಲಿ ಕುಳಿತ. ಬೈಕ್ ಹೊರಟುಹೋಯಿತು. ಗಂಡ ಈಗ ಬೈಕ್ ಓಡಿಸುವುದಿಲ್ಲ, ಓಡಿಸುವವಳು ಮನೆ ಸೇರುವ ತನಕ ಕುಡಿಯುವುದಿಲ್ಲ. ಒಳಗೆ ಹೇಳಿಸಬೇಕಾಗಿದ್ದ ಎರಡು ಮಾತು ಇವೇ ಆಗಿದ್ದವು.