ಅವಲಂಬಿತರ ಕಾಲಂ

ಮಾಲೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಹಾಜರಿ ಹಾಕುವ ಟೈಮ್ ಆಫೀಸಿನ ಗುಮಾಸ್ತನಾಗಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ನಮ್ಮ ಕಾರ್ಖಾನೆಯೂ ಕಾರ್ಮಿಕರ ಆರೋಗ್ಯ ವಿಮೆಗೆ ಸೇರಿತು. ಅರ್ಜಿ ತುಂಬಿಸುವ ಕೆಲಸ ನನ್ನ ತಲೆಗೆ ಬಿತ್ತು. ಬಿತ್ತು ಅಂದರೆ ಸುಳ್ಳು, ನಾನೇ ಎಳೆದುಕೊಂಡೆ. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಅಚ್ಚಾಗಿದ್ದ ಆ ಅರ್ಜಿಯ ಪದಗಳು ಇಡೀ ಕಾರ್ಖಾನೆಯಲ್ಲಿ ನನ್ನೊಬ್ಬನಿಗೇ ಅರ್ಥವಾಗುತ್ತವೆ ಎಂಬ ಜಂಬ ನನಗಿತ್ತು.

ಊಟದ ಬಿಡುವಿನಲ್ಲಿ ಜನ ನನ್ನ ಮೇಜಿನ ಮುಂದೆ ಸಾಲು ನಿಲ್ಲುತ್ತಿದ್ದರು. ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಯುವುದಕ್ಕೆ ವಂತಿಗೆ ಎನ್ನುತ್ತಾರೆ ಎಂದು ಹೇಳಿದರೆ, ಹಾಗಾದರೆ ನಾಳೆಯಿಂದಲೇ ಔಷಧ ಕೊಡುತ್ತಾರಾ ಎಂದು ಕೇಳುತ್ತಿದ್ದರು. ಇವತ್ತು ಹಿಪ್ಪುನೇರಳೆ ಕಡ್ಡಿ ನೆಟ್ಟರೆ ನಾಳೆ ಸೊಪ್ಪು ಕೊಯ್ಯೋಕಾಗುತ್ತಾ ಎಂದು ನಾನು ರೇಗುತ್ತಿದ್ದೆ. ವಂತಿಗೆ ಕಟ್ಟುವ ಅವಧಿ ಬೇರೆ, ಸೌಲಭ್ಯ ಸಿಗುವ ಅವಧಿ ಬೇರೆ ಎಂಬುದು ಅದರಿಂದ ಅವರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಔಷಧ ತೆಗೆದುಕೊಂಡು ಮನೆಗೆ ಹೋಗುವವನು ಹೊರರೋಗಿ, ಮಂಚ ಕೊಟ್ಟು ಮಲಗಿಸಿಕೊಂಡರೆ ಒಳರೋಗಿ. ಡಾಕ್ಟರು ರಜೆ ಬರೆದುಕೊಟ್ಟ ದಿನಗಳಿಗೆ ಸಿಗುವುದು ಕಾಯಿಲೆ ಭತ್ಯೆ. ನಮ್ಮೂರಿನ ವಿಮಾ ಔಷಧಾಲಯದ ಡಾಕ್ಟರು ಶಿಫಾರಸು ಚೀಟಿ ಬರೆದುಕೊಡದಿದ್ದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಬಾಗಿಲು ತೆರೆಯುವುದಿಲ್ಲ. ಇದನ್ನೆಲ್ಲ ಮಗ್ಗಿ ಹೇಳಿಕೊಡುವ ಮೇಷ್ಟರ ಥರ ಹೇಳಿಕೊಟ್ಟೆ.

ಎಲ್ಲರೂ ತಡವರಿಸಿದ್ದು ಒಂದೇ ಕಡೆ, ಅವಲಂಬಿತರು ಎಂಬ ಕಾಲಂನಲ್ಲಿ. ಹೆಂಡತಿ ಮಕ್ಕಳ ಹೆಸರನ್ನು ಪಟಪಟನೆ ಹೇಳುತ್ತಿದ್ದರು. ತಂದೆ ತಾಯಿ ಅನ್ನುತ್ತಿದ್ದಂತೆ ಬಾಯಿ ಕಟ್ಟುತ್ತಿತ್ತು. ಹಂಚು ಸುಡುವ ಗೂಡಿಗೆ ಸೌದೆ ಹಾಕುವವನೊಬ್ಬನಿದ್ದ, ಮುಳಬಾಗಿಲಿನ ಕಡೆಯವನು. ಅವನು ಪೆನ್ನು ಹಿಡಿದ ನನ್ನ ಕೈಯನ್ನೇ ತಡೆದ.

"ನಮ್ಮಪ್ಪ ಇನ್ನೂ ಕುರಿ ಕಾಯ್ತವ್ನೆ ಸಾರ್. ನನ್ ಮೇಲೆ ಬಿದ್ದವ್ನೆ ಅಂತ ನಾನೆಂಗೆ ಬರ್ಸಲಿ? ನಾಳೆ ಊರ್ನಾಗೆ ಅವ್ನು ತಲೆ ಎತ್ಕೊಂಡು ತಿರುಗೋದು ಬ್ಯಾಡ್ವಾ?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಸೀಮೆಯಲ್ಲಿ ವಯಸ್ಸಾದವರನ್ನು ಮಗನ ಅನ್ನ ತಿನ್ನುವವರು ಅನ್ನುವುದು ಬೈಗುಳಕ್ಕಿಂತ ಹೆಚ್ಚು. ಕೈ ನಡುಗುವ ಮುದುಕಿ ಕೂಡ ಎರಡು ಕೋಳಿ ಸಾಕಿಕೊಂಡು ನಂದು ನಂಗೈತೆ ಅನ್ನುತ್ತಾಳೆ. ಆದರೂ ನಾನು ಅವನಿಗೆ, ಇದು ಬರೀ ಕಾಗದ ಕಣಯ್ಯಾ, ಇದನ್ನ ಯಾರೂ ನಿಮ್ಮೂರಲ್ಲಿ ಡಂಗುರ ಸಾರಲ್ಲ ಅಂತ ಹೇಳಿ ಬರೆಸಿಕೊಂಡೆ. ಎರಡು ವರ್ಷದಲ್ಲಿ ಅವನ ಅಪ್ಪನ ಕಣ್ಣಿನ ಪೊರೆ ತೆಗೆಸಿದ್ದೂ ಆಯಿತು. ಅವನು ನನಗೆ ಒಂದು ಪುಟ್ಟಿ ಮಾವಿನಹಣ್ಣು ತಂದುಕೊಟ್ಟ.

ಇಷ್ಟೆಲ್ಲ ಹೇಳಿಕೊಟ್ಟವನು ನನ್ನ ಅರ್ಜಿಯಲ್ಲಿ ಏನು ಬರೆದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಹೆಂಡತಿ, ಮಗಳು ಎಂದು ಬರೆದ ಮೇಲೆ ಪೆನ್ನು ನಿಂತಿತು. ಅಮ್ಮ ಶ್ರೀನಿವಾಸಪುರದಾಚೆ, ರಾಯಲ್ಪಾಡಿನ ದಾರಿಯ ಹಳ್ಳಿಯಲ್ಲಿದ್ದಳು. ಅಪ್ಪ ಹೋದ ಮೇಲೆ ಚಿಕ್ಕಪ್ಪನ ಮನೆಯ ಪಕ್ಕದಲ್ಲೇ ತಾನೇ ಬೇರೆ ಒಲೆ ಹಚ್ಚಿಕೊಂಡು ಹಿಪ್ಪುನೇರಳೆ, ರಾಗಿ ಬೆಳೆದುಕೊಂಡು ರೇಷ್ಮೆ ಹುಳು ಸಾಕುತ್ತಿದ್ದಳು. ಪ್ರತಿ ಸುಗ್ಗಿಗೂ ಒಂದು ಮೂಟೆ ರಾಗಿ ಬಸ್ಸಿನ ಮೇಲೆ ಹತ್ತಿ ಮಾಲೂರಿನ ನಮ್ಮ ಮನೆಗೆ ಬರುತ್ತಿತ್ತು. ಅವಳ ರಾಗಿ ತಿಂದುಕೊಂಡು ಅವಳು ನನ್ನ ಅನ್ನ ತಿನ್ನುತ್ತಾಳೆ ಎಂದು ಬರೆಯಲು ನನಗೂ ಕೈ ಬರಲಿಲ್ಲ. ಸುಮ್ಮನೆ ಖಾಲಿಯಾದರೂ ಬಿಡಬಹುದಿತ್ತು. ಹಾಗೆ ಬಿಡದೆ, ತಾಯಿ ಇದ್ದಾರೆ, ಸ್ವಂತ ದುಡಿಮೆ, ನನ್ನ ಅವಲಂಬಿತರಲ್ಲ ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಕೆಳಗೊಂದು ಗೆರೆ ಎಳೆದೆ. ಬರೆದು ನನಗೇ ಖುಷಿಯಾಗಿತ್ತು.

ನಾಲ್ಕು ವರ್ಷವಾದ ಮೇಲೆ ಒಂದು ಬೇಸಿಗೆಯಲ್ಲಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚಿಕ್ಕಪ್ಪನ ಚೀಟಿ ಬಂತು. ಅಮ್ಮನಿಗೆ ಹೊಟ್ಟೆನೋವು, ಊಟ ಸೇರುತ್ತಿಲ್ಲ, ಬಾ ಎಂದಿತ್ತು. ಕೋಲಾರದಲ್ಲಿ ಒಂದು ಬಸ್ಸು, ಶ್ರೀನಿವಾಸಪುರದಲ್ಲಿ ಇನ್ನೊಂದು ಬಸ್ಸು ಬದಲಾಯಿಸಿ, ಮಾವಿನ ಪುಟ್ಟಿಗಳ ನಡುವೆ ನಿಂತುಕೊಂಡು ಊರು ಸೇರಿದೆ. ಅಮ್ಮ ಹುಳುವಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತು ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದಳು. ಮುಖ ಬಿಳಚಿಕೊಂಡಿತ್ತು. ಸೀರೆ ಸರಿಸಿ ತೋರಿಸು ಎಂದು ಚಿಕ್ಕಮ್ಮ ಬಲವಂತ ಮಾಡಿದ ಮೇಲೆ ತೋರಿಸಿದಳು. ಹೊಕ್ಕುಳ ಮಗ್ಗುಲಲ್ಲಿ ನಿಂಬೆಹಣ್ಣಿನಷ್ಟು ಗಂಟು. ಅದರ ಮೇಲೆ ಹಳೇ ತಾಮ್ರದ ಬಿಲ್ಲೆಯೊಂದನ್ನು ಒತ್ತಿಟ್ಟು, ಹರಿದ ಸೀರೆಯ ಬಟ್ಟೆಯಿಂದ ಬಿಗಿದು ಕಟ್ಟಿಕೊಂಡಿದ್ದಳು. ಹಾಗೆ ಕಟ್ಟಿಕೊಂಡು ಎರಡು ವರ್ಷವಾಗಿತ್ತಂತೆ.

ಈಗಲೇ ಹೊರಡು ಎಂದೆ. ಅವಳು ಹುಳುವಿನ ಕಡೆ ಕೈ ತೋರಿಸಿದಳು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಏನೂ ತಿನ್ನದೆ ಸುಮ್ಮನಾಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಒಂದು ಹೊತ್ತು ಸೊಪ್ಪು ತಪ್ಪಿದರೂ ಅಷ್ಟು ದಿನದ ಪಾಡೆಲ್ಲ ಮಣ್ಣುಪಾಲು.

"ಹುಳ ಹಣ್ಣಾಗ್ಲಿ ನಾಯ್ನಾ. ಇನ್ನೆರಡೇ ದಿನ."

ನನಗೆ ಕೋಪ ತಡೆಯಲಾಗಲಿಲ್ಲ. ಸೊಪ್ಪಿನ ಪುಟ್ಟಿಯನ್ನು ಕಾಲಿನಿಂದ ಒದ್ದೆ. ಅವಳು ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಬಗ್ಗಿ, ಚೆಲ್ಲಿದ ಸೊಪ್ಪನ್ನು ಇನ್ನೊಂದು ಕೈಯಲ್ಲಿ ಬಳಿದು ಪುಟ್ಟಿಗೆ ತುಂಬಿದಳು. ಅದನ್ನು ನೋಡಿದ ಮೇಲೆ ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೋದೆ. ಎರಡು ದಿನ ನಾನೇ ಸೊಪ್ಪು ಕೊಯ್ದು ತಂದು ಹಾಕಿದೆ. ಎರಡನೇ ದಿನ ಮಧ್ಯಾಹ್ನ ಗಂಟು ಕಲ್ಲಿನ ಹಾಗಾಗಿ ಅವಳು ವಾಂತಿ ಮಾಡಿಕೊಂಡಳು. ಅಂಗಾತ ಮಲಗಿಸಿದ ಮೇಲೆ ಹೇಗೋ ಒಳಗೆ ಜಾರಿತು. ಮೂರನೇ ದಿನ ಬೆಳಿಗ್ಗೆ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಟ್ಟು, ಎಲ್ಲವನ್ನೂ ಚಿಕ್ಕಮ್ಮನಿಗೆ ಒಪ್ಪಿಸಿ, ಆಮೇಲೆ ಅಮ್ಮ ಬಸ್ಸು ಹತ್ತಿದಳು.

ಕೋಲಾರದಲ್ಲಿ ಡಾಕ್ಟರೊಬ್ಬರು ನೋಡಿ ಹರ್ನಿಯಾ ಎಂದರು. ಹೊಟ್ಟೆಯ ಗೋಡೆ ಸಡಿಲವಾಗಿ ಕರುಳು ಆಚೆ ಇಣುಕುತ್ತಿದೆ, ಸದ್ಯಕ್ಕೆ ಒಳಗೆ ಹೋಗುತ್ತಿದೆ, ಒಂದು ಸಲ ಸಿಕ್ಕಿಕೊಂಡು ರಕ್ತ ಓಡುವುದು ನಿಂತರೆ ಕೊಳೆಯುತ್ತದೆ, ಆಗ ಉಳಿಸುವುದು ಕಷ್ಟ ಎಂದು ಬಿಡಿಸಿ ಹೇಳಿದರು. ಈ ವಾರದಲ್ಲೇ ಆಪರೇಷನ್ ಆಗಬೇಕು ಎಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಬರಲು ಮೂರು ವಾರವಿತ್ತು. ಖಾಸಗಿ ನರ್ಸಿಂಗ್ ಹೋಮು ನನ್ನ ಕೈಗೆ ನಿಲುಕುವಂಥದಲ್ಲ. ನಮಗೆ ವಿಮೆ ಇದೆ ಡಾಕ್ಟರೇ ಎಂದು ನಾನು ಎದೆ ಉಬ್ಬಿಸಿ ಹೇಳಿದೆ. ಮಾಲೂರಿನ ಬಸ್ಸಿನಲ್ಲಿ ಅಮ್ಮನಿಗೆ ಒಳರೋಗಿ ಎಂದರೇನು, ಶಿಫಾರಸು ಚೀಟಿ ಎಂದರೇನು ಎಂದು ದಾರಿಯುದ್ದಕ್ಕೂ ಪಾಠ ಹೇಳಿದೆ. ನಾನು ಬರೆದ ಆ ಸಾಲು ನನಗೆ ಮರೆತೇ ಹೋಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಅದು ನಿಜವಾಗಿಯೂ ಮರೆತುಹೋಗಿತ್ತು.

ಔಷಧಾಲಯದ ಡಾಕ್ಟರು ನನ್ನ ಕಾರ್ಡು ತಿರುಗಿಸಿ ನೋಡಿದರು. ಹೆಂಡತಿ, ಮಗಳು. ಇವರ ಹೆಸರೆಲ್ಲಿ ಎಂದು ಕೇಳಿದರು. ಗೆರೆ ಎಳೆದು ಬರೆದಿದ್ದ ಆ ಸಾಲು ಆಗ ನೆನಪಾಯಿತು. ತುರ್ತು ಎಂದು ಬರೆದು ಕಳಿಸಬಲ್ಲೆ, ಆದರೆ ಅಲ್ಲಿ ಮೊದಲು ಕೇಳುವುದೇ ಕಾರ್ಡು, ವಿಮಾ ಕಚೇರಿಯಲ್ಲಿ ಹೆಸರು ಸೇರಿಸಿಕೊಂಡು ಬನ್ನಿ ಎಂದರು. ಅಮ್ಮನನ್ನು ಅಲ್ಲೇ ಬೆಂಚಿನ ಮೇಲೆ ಕೂರಿಸಿ, ಬೀದಿಯ ಕೊನೆಯಲ್ಲಿದ್ದ ಕಚೇರಿಗೆ ಓಡಿದೆ.

ಅಲ್ಲಿದ್ದ ಅಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದವರು. ಫೈಲು ತೆಗೆದು ನನ್ನ ಅರ್ಜಿಯನ್ನು ನನ್ನ ಕಡೆಗೇ ತಿರುಗಿಸಿದರು. ನಾನು ಎಳೆದಿದ್ದ ಗೆರೆ ಹಾಗೇ ಇತ್ತು.

"ಇಲ್ಲದ ಅಪ್ಪನ್ನ ಸೇರ್ಸೋರನ್ನ ನೋಡಿದ್ದೀನಿ. ಇರೋ ತಾಯಿನ ಅಲ್ಲ ಅಂತ ಬರ್ಕೊಟ್ಟೋರು ನೀವೊಬ್ರೇ," ಎಂದರು.

ನಾನು ಈಗ ಏನು ಬರೆದುಕೊಟ್ಟರೂ ಈ ಸಾಲಿನ ಮುಂದೆ ನಿಲ್ಲುವುದಿಲ್ಲ ಎಂದೂ ಹೇಳಿದರು. ಆದರೆ ತಾಯಿಯೇ ಬಂದು, ಮಗನ ಆಶ್ರಯದಲ್ಲಿದ್ದೇನೆ ಎಂದು ಹೇಳಿ ಹೆಬ್ಬೆಟ್ಟು ಒತ್ತಿದರೆ ಇವತ್ತೇ ಸೇರಿಸುತ್ತೇನೆ, ಕಚೇರಿ ಮುಚ್ಚುವುದರೊಳಗೆ ಕರೆದುಕೊಂಡು ಬನ್ನಿ ಎಂದರು.

ಬೆಂಚಿನ ಹತ್ತಿರ ಬಂದಾಗ ಅಮ್ಮ ಮುಂದಕ್ಕೆ ಬಾಗಿ ಕೂತಿದ್ದಳು. ಹಣೆಯ ಮೇಲೆ ಬೆವರು. ಮತ್ತೆ ಗಂಟು ಬಿಗಿಯಿತಾ ಎಂದರೆ ಹೌದೆಂದು ತಲೆಯಾಡಿಸಿದಳು. ಅವಳ ತೋಳು ಹಿಡಿದು ನಡೆಸಿಕೊಂಡು ಹೋಗುತ್ತಾ, ಅಲ್ಲಿ ಏನು ಕೇಳಿದರೂ ಮಗನ ಅನ್ನ ತಿಂತೀನಿ ಅಂತ ಹೇಳು, ಅಷ್ಟೇ ಸಾಕು ಎಂದೆ. ನಾನ್ಯಾವಾಗ ತಿಂದೆ ಎಂದು ಕೇಳಿದಳು. ಇದು ಬರೀ ಕಾಗದ ಅಮ್ಮಾ ಎಂದೆ. ಅವಳು ನನ್ನ ತೋಳಿಗೆ ಒರಗಿ ಹೆಜ್ಜೆ ಹಾಕಿದಳು. ಒಪ್ಪಿದಳು ಅಂದುಕೊಂಡೆ.

ಅಧಿಕಾರಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ನಿಧಾನವಾಗಿ, ನಿಮ್ಮನ್ನು ಸಾಕುವವರು ಯಾರು ಎಂದು ಕೇಳಿದರು. ಅಮ್ಮ ಸೆರಗು ಸರಿಮಾಡಿಕೊಂಡಳು.

"ನಂಗ್ಯಾರು ಸಾಕ್ಬೇಕು ಸ್ವಾಮಿ? ಗೇಯ್ಕೊಂಡು ತಿಂತೀನಿ. ಇವ್ನ ಮನೆಗೂ ನಾನೇ ರಾಗಿ ಕಳಿಸ್ತೀನಿ."

ಅಧಿಕಾರಿಯ ಪೆನ್ನು ಕಾಗದದ ಮೇಲೆ ಅಲುಗಾಡಲಿಲ್ಲ. ಸಾಯೋಕೆ ಬಂದಿದ್ದೀಯಾ ಇಲ್ಲಿಗೆ ಎಂದು ಮನೆಯ ತೆಲುಗಿನಲ್ಲಿ ಅವಳ ಮೇಲೆ ಕೂಗಾಡಿದೆ. ಗೋಡೆಯ ಗಡಿಯಾರ, ಮುಂದಿದ್ದ ಅರ್ಜಿ, ಅದರಲ್ಲಿ ನನ್ನದೇ ದುಂಡಗಿನ ಅಕ್ಷರ, ಎಲ್ಲವೂ ಒಟ್ಟಿಗೆ ಕಂಡು ಮಾತು ಅರ್ಧಕ್ಕೇ ನಿಂತಿತು. ಮೂವತ್ತು ದಾಟಿದ ಗಂಡಸು ನಾನು, ಪರರ ಮುಂದೆ ಅತ್ತುಬಿಟ್ಟೆ. ಅವಳು ಸತ್ತರೆ ಆ ಸಾಲಿನಿಂದಲೇ ಸತ್ತಂತೆ ಎಂಬ ಭಯ ನನ್ನನ್ನು ಹಿಡಿದು ಅಲ್ಲಾಡಿಸುತ್ತಿತ್ತು.

ಅಮ್ಮ ನನ್ನ ಮುಖ ನೋಡಿದಳು. ಹೊಟ್ಟೆ ಹಿಡಿದಿದ್ದ ಕೈಯನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇದುವರ್ಗೂ ತಿಂದಿಲ್ಲ ಸ್ವಾಮಿ. ಇವತ್ತಿಂದ ತಿಂತೀನಿ. ಹಂಗೆ ಬರ್ಕೊಳ್ಳಿ."

ಅಧಿಕಾರಿ ಅವಳು ಕೊನೆಗೆ ಹೇಳಿದ್ದನ್ನು ಮಾತ್ರ ಬರೆದುಕೊಂಡರು. ವರ್ಷಗಟ್ಟಲೆ ಸೊಪ್ಪು ಕೊಯ್ದು ಅವಳ ಹೆಬ್ಬೆರಳು ಕಪ್ಪುಗಟ್ಟಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಕಪ್ಪು ಹೋಗಲಿಲ್ಲ. ಹಾಗೆಯೇ ಶಾಯಿಗೆ ಅದ್ದಿ ಒತ್ತಿಸಿದರು.

ಮುಂದಿನದೆಲ್ಲ ಓಟ. ಶಿಫಾರಸು ಚೀಟಿ ಕೈಗೆ ಬರುವ ಹೊತ್ತಿಗೆ ಬೆಂಗಳೂರಿನ ಬಸ್ಸು ಹೋಗಿಯಾಗಿತ್ತು. ಸೌದೆ ಹಾಕುವ ಆ ಮುಳಬಾಗಿಲಿನವನು ಸುದ್ದಿ ಕೇಳಿ, ಹಂಚು ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ ಲಾರಿಯನ್ನು ಕಾರ್ಖಾನೆಯ ಗೇಟಿನಲ್ಲೇ ಅಡ್ಡಹಾಕಿ ನಿಲ್ಲಿಸಿದ. ಡ್ರೈವರನ ಪಕ್ಕದಲ್ಲಿ ಅಮ್ಮ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಪ್ರತಿ ಹಳ್ಳಕ್ಕೂ ಅವಳ ಬೆರಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಆಸ್ಪತ್ರೆಯಲ್ಲಿ ಕಾರ್ಡು ನೋಡಿ ನೇರ ಒಳಗೆ ಕರೆದುಕೊಂಡರು. ಕರುಳು ನೀಲಿಗಟ್ಟಿತ್ತು, ಬಿಡಿಸಿದ ಮೇಲೆ ಬಣ್ಣ ಬಂತು, ಇನ್ನು ಸ್ವಲ್ಪ ತಡವಾಗಿದ್ದರೆ ಕತ್ತರಿಸಬೇಕಾಗುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ನಾನು ವರಾಂಡದಲ್ಲಿ ಕೂತುಬಿಟ್ಟೆ. ಅಷ್ಟು ಸಮಾಧಾನ ನನಗೆ ಮಗಳು ಹುಟ್ಟಿದಾಗಲೂ ಆಗಿರಲಿಲ್ಲ.

ಹೊಲಿಗೆ ಬಿಚ್ಚಿ ಮಾಲೂರಿಗೆ ಬಂದಮೇಲೆ ಎರಡು ವಾರ ನಮ್ಮ ಮನೆಯಲ್ಲಿದ್ದಳು. ಇನ್ನು ಊರಿಗೆ ಹೊರಡುತ್ತಾಳೆ ಎಂದುಕೊಂಡು ನಾನೇ ಬಸ್ಸಿನ ಹೊತ್ತು ವಿಚಾರಿಸಿ ಬಂದೆ. ಅಮ್ಮ ಏಳಲಿಲ್ಲ. ಹೊಲವನ್ನು ಚಿಕ್ಕಪ್ಪನೇ ಮಾಡಿಕೊಳ್ಳಲಿ ಎಂದು ಆಗಲೇ ಹೇಳಿ ಕಳಿಸಿಯಾಗಿತ್ತು. ನನಗೆ ನಗು ಬಂತು. ಆ ಹೆಬ್ಬೆಟ್ಟಿನ ಮಾತನ್ನು ಹಿಡಿದುಕೊಂಡು ಕೂತಿದ್ದೀಯಾ, ಅದು ಬರೀ ಕಾಗದ ಎಂದು ಎಷ್ಟು ಸಲ ಹೇಳಲಿ ಎಂದೆ.

"ಕಾಗದ ನಿಂದು ಕಣೋ. ಒತ್ತಿದ್ದು ನನ್ ಬೆರಳು."

ಅದಾದ ಮೇಲೆ ಅವಳು ಹನ್ನೊಂದು ವರ್ಷ ಬದುಕಿದಳು, ನಮ್ಮ ಮನೆಯಲ್ಲೇ. ನನ್ನ ಹೆಂಡತಿ ಅವಳನ್ನು ಚೆನ್ನಾಗಿ ನೋಡಿಕೊಂಡಳು, ಅದರಲ್ಲಿ ಕೊರತೆಯಿರಲಿಲ್ಲ. ಆದರೆ ಯಾರನ್ನೂ ಏನನ್ನೂ ಕೇಳಿ ಗೊತ್ತಿಲ್ಲದ ಹೆಂಗಸು ಒಂದು ಎಲೆ ಅಡಿಕೆ ಹಾಕಿಕೊಳ್ಳಬೇಕಾದರೂ ಸೊಸೆಯನ್ನು ಕೇಳುತ್ತಿದ್ದಳು. ಬೇಡ ಅಮ್ಮಾ, ನಿನ್ನದೇ ಮನೆ ಎಂದು ನಾನು ರೇಗಿದರೆ ಸುಮ್ಮನೆ ಹೂಂ ಅನ್ನುತ್ತಿದ್ದಳು. ಟೈಮ್ ಆಫೀಸಿನಲ್ಲಿ ಹೊಸಬರಿಗೆ ಅರ್ಜಿ ತುಂಬಿಸುವಾಗ ಬರೀ ಕಾಗದ ಎನ್ನುವುದನ್ನು ನಾನು ಬಿಟ್ಟೆ.

ಅವಳು ನಮ್ಮ ಮನೆಗೆ ಬಂದ ವರ್ಷದ ಸುಗ್ಗಿಗೆ ಬಸ್ಸಿನ ಮೇಲೆ ಮೂಟೆ ಬರಲಿಲ್ಲ. ಮಾಲೂರಿನ ಸಂತೆಯಲ್ಲಿ ನಾನು ಜೀವಮಾನದಲ್ಲೇ ಮೊದಲ ಸಲ ರಾಗಿ ಕೊಂಡು ಹೊತ್ತು ತಂದೆ. ಅಮ್ಮ ಮೊರ ತೆಗೆದುಕೊಂಡು ಜಗುಲಿಯಲ್ಲಿ ಕೂತಳು. ಒಂದು ಹಿಡಿ ಎತ್ತಿಕೊಂಡು ಅಂಗೈಯಲ್ಲಿ ಉಜ್ಜಿ, ಕಪ್ಪು ಕಟ್ಟಿದ ಹೆಬ್ಬೆರಳಿನಿಂದ ಸರಿಸಿ ನೋಡಿದಳು. ಯಾರ ಹೊಲದ್ದೋ ಏನೋ ಎಂದು ಹೇಳಿ, ಕಲ್ಲು ಆರಿಸತೊಡಗಿದಳು.